ಸ್ತನದಲ್ಲಿ ಗಂಟು, ನೋವು, ಸ್ರಾವ: ಕ್ಯಾನ್ಸರ್ ಅಲ್ಲದ ತೊಂದರೆಗಳನ್ನು ಗುರುತಿಸುವುದು, ಸರಿಪಡಿಸುವುದು

ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತೆಂದರೆ ಮನಸ್ಸು ನೇರವಾಗಿ ಕ್ಯಾನ್ಸರ್‌ಗೇ ಹೋಗುತ್ತದೆ. ಆ ಭಯ ಸಹಜ. ಆದರೆ ಪರೀಕ್ಷೆಗೆ ಬರುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಮೂವತ್ತರೊಳಗಿನ ವಯಸ್ಸಿನಲ್ಲಂತೂ ಕ್ಯಾನ್ಸರ್ ಗಂಟು ಅಪರೂಪ. ಕಷ್ಟ ಇರುವುದು ಬೇರೆ ಕಡೆ. ಯಾವುದು ಅಲ್ಲ ಎಂಬುದನ್ನು ಬರೀ ಕೈಯಿಂದ ಮುಟ್ಟಿ ಹೇಳಲು ಬರುವುದಿಲ್ಲ. "ನೋಯುತ್ತಿದೆ, ಹಾಗಾಗಿ ಕ್ಯಾನ್ಸರ್ ಇರಲಿಕ್ಕಿಲ್ಲ", "ಕೈಗೆ ಜಾರುತ್ತದೆ, ಹಾಗಾಗಿ ಪರವಾಗಿಲ್ಲ", "ಮನೆಯಲ್ಲಿ ಯಾರಿಗೂ ಇಲ್ಲ, ನನಗೆ ಹೇಗೆ ಬಂದೀತು": ಈ ಮೂರು ಮಾತೂ ಎಷ್ಟೋ ಸಲ ನಿಜ, ಕೆಲವು ಸಲ ಸುಳ್ಳು. ಆ ಕೆಲವು ಸಲಕ್ಕಾಗಿಯೇ ಪರೀಕ್ಷೆ. ಪರೀಕ್ಷೆ ಮುಗಿದು ಕ್ಯಾನ್ಸರ್ ಅಲ್ಲ ಎಂದು ಖಚಿತವಾದ ಮೇಲೆ, ಬಹಳ ಸಲ ಮಾಡಬೇಕಾದ ಚಿಕಿತ್ಸೆ ಏನೂ ಇರುವುದಿಲ್ಲ. ಸುಮ್ಮನೆ ಬಿಡಬೇಕಾದದ್ದನ್ನು ಹಿಂಡಿ, ಚುಚ್ಚಿ, ಕೊಯ್ದು ಕೆಡಿಸದೆ ಇರುವುದೇ ದೊಡ್ಡ ಕೆಲಸ.

ಮಾಮೂಲು ಸ್ತನ ಕೈಗೆ ಹೇಗೆ ಸಿಗುತ್ತದೆ

ಒಂದೊಂದು ಸ್ತನದಲ್ಲೂ ಹಾಲಿನ ಗ್ರಂಥಿಗಳ 15ರಿಂದ 20 ಗೊಂಚಲುಗಳಿವೆ. ಅವುಗಳಿಂದ ಹೊರಟ ನಾಳಗಳು ತೊಟ್ಟಿನ ಕಡೆ ಬಂದು ಸೇರುತ್ತವೆ; ನಡುವೆ ಕೊಬ್ಬು, ನಾರು. ಆದ್ದರಿಂದ ಸ್ತನ ಎಲ್ಲ ಕಡೆ ಒಂದೇ ಸಮ ಮೆತ್ತಗಿರುವುದಿಲ್ಲ. ಕಂಕುಳ ಕಡೆಯ ಮೇಲ್ಭಾಗ ಎಲ್ಲರಲ್ಲೂ ದಪ್ಪ, ತರಿತರಿ. ಕೆಳಗಿನ ಮಡಿಕೆಯ ಉದ್ದಕ್ಕೂ ಒಂದು ಗಟ್ಟಿ ಏಣು ಸಿಗುತ್ತದೆ. ತೆಳ್ಳಗಿರುವವರಿಗೆ ಪಕ್ಕೆಲುಬೇ ಗಂಟೆನಿಸುವುದುಂಟು. ಸ್ತನವನ್ನು ಪಕ್ಕಕ್ಕೆ ಸರಿಸಿದಾಗಲೂ ಅದು ಇದ್ದಲ್ಲೇ ಇದ್ದರೆ ಎಲುಬೆಂದು ತಿಳಿಯಬಹುದು. ಮುಟ್ಟಿಗೆ ಮುಂಚಿನ ವಾರ ನೀರು ತುಂಬಿಕೊಂಡು ಎರಡೂ ಸ್ತನ ಬಿಗಿಯುತ್ತವೆ, ಕಾಳು ತುಂಬಿದ ಚೀಲ ಮುಟ್ಟಿದ ಹಾಗಾಗುತ್ತದೆ, ಮುಟ್ಟಾದ ಮೇಲೆ ಸಡಿಲವಾಗುತ್ತವೆ. ಇದಕ್ಕೆ ಫೈಬ್ರೋಸಿಸ್ಟಿಕ್ ಕಾಯಿಲೆ ಎಂಬ ಹೆಸರು ಇನ್ನೂ ವರದಿಗಳಲ್ಲಿ ಕಾಣುತ್ತದೆ. ಕಾಯಿಲೆ ಎನ್ನುವ ಮಾತು ಇದಕ್ಕೆ ಸಲ್ಲದು. ಹಾರ್ಮೋನಿನ ಏರಿಳಿತಕ್ಕೆ ಸ್ತನ ತೋರಿಸುವ ಮಾಮೂಲು ಬದಲಾವಣೆ ಇದು.

ಮುಟ್ಟಿ ನೋಡಲು ಒಳ್ಳೆಯ ಸಮಯ ಮುಟ್ಟು ಶುರುವಾದ 5ನೇ ದಿನದಿಂದ 10ನೇ ದಿನದೊಳಗೆ. ಮುಟ್ಟು ನಿಂತವರು, ಗರ್ಭಕೋಶ ತೆಗೆಸಿಕೊಂಡವರು ತಿಂಗಳಿಗೊಂದು ತಾರೀಖು ಗೊತ್ತುಮಾಡಿಕೊಂಡರೆ ಸಾಕು. ಮೊದಲು ಕನ್ನಡಿ ಮುಂದೆ ನಿಂತು ನೋಡಿ: ಕೈ ಕೆಳಗೆ ಬಿಟ್ಟು ಒಮ್ಮೆ, ತಲೆಯ ಮೇಲೆ ಎತ್ತಿ ಒಮ್ಮೆ, ಸೊಂಟದ ಮೇಲೆ ಒತ್ತಿ ಒಮ್ಮೆ. ಒಳಗೆ ಏನಾದರೂ ಚರ್ಮವನ್ನು ಎಳೆಯುತ್ತಿದ್ದರೆ ಕೈ ಎತ್ತಿದಾಗ ಅಲ್ಲೊಂದು ಕುಳಿ ಬೀಳುತ್ತದೆ. ಕೈ ಇಳಿಸಿದಾಗ ಅದು ಕಾಣದೆಯೂ ಇರಬಹುದು.

ಆಮೇಲೆ ಮಲಗಿ. ಬಲಗಡೆ ನೋಡುವಾಗ ಬಲ ಭುಜದ ಅಡಿಗೆ ದಿಂಬು ಇಟ್ಟು, ಬಲಗೈ ತಲೆಯ ಕೆಳಗೆ. ಹೀಗೆ ಮಾಡಿದಾಗ ಸ್ತನ ಎದೆಗೂಡಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಎಡಗೈಯ ನಡುವಿನ ಮೂರು ಬೆರಳುಗಳ ತುದಿಯಿಂದಲ್ಲ, ತುದಿಗಿಂತ ಸ್ವಲ್ಪ ಹಿಂದಿನ ಮೆತ್ತನೆಯ ಭಾಗದಿಂದ ಒತ್ತಬೇಕು. ಸಣ್ಣ ನಾಣ್ಯದಷ್ಟು ಅಗಲದ ಸುತ್ತು ಹಾಕುತ್ತಾ, ಒಂದೊಂದು ಜಾಗದಲ್ಲೂ ಮೂರು ಒತ್ತು: ಚರ್ಮ ಮಾತ್ರ ಅಲುಗುವಷ್ಟು, ನಡುಭಾಗ ತಿಳಿಯುವಷ್ಟು, ಕೊನೆಗೆ ಪಕ್ಕೆಲುಬು ತಾಗುವಷ್ಟು. ಕಂಕುಳಿನಿಂದ ಶುರುಮಾಡಿ ಮೇಲೆ ಕೆಳಗೆ ಉಳುಮೆಯ ಸಾಲು ಹಾಕಿದಂತೆ ಎದೆಯ ನಡುವಿನ ಎಲುಬಿನವರೆಗೆ ಬನ್ನಿ. ಮೇಲಿನ ಗಡಿ ಕಾಲರ್ ಎಲುಬು, ಕೆಳಗಿನ ಗಡಿ ಸ್ತನದ ಮಡಿಕೆ. ಬೆರಳು ಎತ್ತಿ ಎತ್ತಿ ಇಟ್ಟರೆ ನಡುವೆ ಜಾಗ ತಪ್ಪುತ್ತದೆ, ಜಾರಿಸಿಕೊಂಡೇ ಹೋಗಿ. ಸ್ತನವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಚಿವುಟಿ ನೋಡಬೇಡಿ. ಹಾಗೆ ಹಿಡಿದರೆ ಎಂಥ ಆರೋಗ್ಯವಂತ ಸ್ತನವೂ ಗಂಟೇ.

ತಿಂಗಳು ತಿಂಗಳು ಕಟ್ಟುನಿಟ್ಟಾಗಿ ನೋಡಿಕೊಳ್ಳಲೇಬೇಕೇ? ಶಾಂಘೈನ ಜವಳಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಸುಮಾರು 2.66 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದ ಕೊನೆಯ ಫಲಿತಾಂಶ 2002ರಲ್ಲಿ ಬಂತು. ಸ್ವಯಂ ಪರೀಕ್ಷೆ ಕಲಿಸಿದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ (ತುಣುಕು ತೆಗೆದು ಪರೀಕ್ಷಿಸುವುದು) ಮಾತ್ರ ಹೆಚ್ಚಾಯಿತು. ಹಾಗಾಗಿ ಒಂದು ತಿಂಗಳು ತಪ್ಪಿದರೆ ಅಪರಾಧಿ ಭಾವ ಬೇಡ. ನಿಮ್ಮ ಸ್ತನದ ಮಾಮೂಲು ಸ್ಥಿತಿ ನಿಮಗೆ ಗೊತ್ತಿರಬೇಕು, ಹೊಸದೇನಾದರೂ ಕಂಡರೆ ಹೊಸದೆಂದು ತಿಳಿಯಬೇಕು. ಅದಕ್ಕೆಷ್ಟು ಬೇಕೋ ಅಷ್ಟು ಸಾಕು.

ಕಾಯಬಾರದ ಲಕ್ಷಣಗಳು

ಮೂವತ್ತರೊಳಗಿನವರಿಗೆ ಮೆತ್ತಗಿನ, ಅಂಚು ಸರಿಯಾಗಿ ಸಿಗದ ಗಡಸು ಕಂಡರೆ ಒಂದು ಮುಟ್ಟು ಮುಗಿಯುವವರೆಗೆ ಕಾದು ಮತ್ತೆ ಮುಟ್ಟಿ ನೋಡಬಹುದು. ಹೋಗಿದ್ದರೆ ಅದು ಹಾರ್ಮೋನಿನ ಉಬ್ಬು. ಆದರೆ ಈ ಕೆಳಗಿನವುಗಳಿಗೆ ಕಾಯುವಿಕೆ ಇಲ್ಲ: ಕಲ್ಲಿನಂತೆ ಗಟ್ಟಿ, ಅಂಚು ಅಂಕುಡೊಂಕು, ಅಲುಗಿಸಿದರೆ ಅಲುಗದ ಗಂಟು, ಚರ್ಮದ ಮೇಲೆ ಕುಳಿ ಅಥವಾ ಕಿತ್ತಳೆ ಸಿಪ್ಪೆಯಂಥ ದಪ್ಪ, ಮೊದಲು ನೆಟ್ಟಗಿದ್ದು ಈಚೆಗೆ ಒಳಕ್ಕೆ ಎಳೆದುಕೊಂಡ ತೊಟ್ಟು, ಹಿಂಡದೆಯೇ ಒಂದು ಕಡೆಯಿಂದ ಬರುವ ರಕ್ತ ಅಥವಾ ತಿಳಿನೀರು, ಕಂಕುಳಲ್ಲಿ ಅಥವಾ ಕಾಲರ್ ಎಲುಬಿನ ಮೇಲೆ ಗಟ್ಟಿ ಗಂಟು, ಮುಟ್ಟು ನಿಂತ ಮೇಲೆ ಬಂದ ಯಾವುದೇ ಹೊಸ ಗಂಟು.

ತೊಟ್ಟಿನ ತುರಿಕೆಯ ಬಗ್ಗೆ ಒಂದು ಮಾತು. ಎಕ್ಸಿಮಾ ಸಾಮಾನ್ಯವಾಗಿ ತೊಟ್ಟಿನ ಸುತ್ತಲಿನ ಕಪ್ಪು ವಲಯದಿಂದ ಶುರುವಾಗಿ ಎರಡೂ ಕಡೆ ಬರುತ್ತದೆ, ತೊಟ್ಟನ್ನು ಬಿಟ್ಟಿರುವುದೇ ಹೆಚ್ಚು. ಪ್ಯಾಜೆಟ್ ಕಾಯಿಲೆ ಎಂಬ ಕ್ಯಾನ್ಸರ್ ಬಗೆ ಒಂದೇ ಕಡೆ, ತೊಟ್ಟಿನಿಂದಲೇ ಶುರುವಾಗಿ ಹೊರಗೆ ಹರಡುತ್ತದೆ, ತೊಟ್ಟನ್ನೇ ಸವೆಸುತ್ತದೆ. ಸ್ಟೆರಾಯ್ಡ್ ಮುಲಾಮು ಎರಡು ವಾರ ಹಚ್ಚಿಯೂ ವಾಸಿಯಾಗದ ತೊಟ್ಟಿನ ಹುಣ್ಣಿಗೆ ಇನ್ನೊಂದು ಮುಲಾಮು ಬೇಡ, ಬಯಾಪ್ಸಿ ಬೇಕು.

ಮೂರು ಪರೀಕ್ಷೆ, ಮೂರೂ ಒಂದೇ ಮಾತು ಹೇಳಬೇಕು

ವೈದ್ಯರು ಕೈಯಿಂದ ಪರೀಕ್ಷಿಸುವುದು, ಚಿತ್ರ ತೆಗೆಯುವುದು, ಸೂಜಿಯಿಂದ ತುಣುಕು ತೆಗೆದು ನೋಡುವುದು: ಇದಕ್ಕೆ ಟ್ರಿಪಲ್ ಅಸೆಸ್‌ಮೆಂಟ್ ಎನ್ನುತ್ತಾರೆ. ಮೂರೂ ತಾಳೆಯಾದರೆ ಮಾತ್ರ ಕ್ಯಾನ್ಸರ್ ಅಲ್ಲ ಎಂಬ ತೀರ್ಮಾನ ಗಟ್ಟಿ. ಕೈಗೆ ಕಲ್ಲಿನಂತೆ ಸಿಗುವ ಗಂಟಿಗೆ ಸೂಜಿ ವರದಿ "ಏನೂ ಇಲ್ಲ" ಎಂದು ಬಂದರೆ ಸಮಾಧಾನಪಟ್ಟು ಮನೆಗೆ ಹೋಗುವಂತಿಲ್ಲ. ಸೂಜಿ ಗಂಟಿಗೆ ತಾಗದೆ ಪಕ್ಕಕ್ಕೆ ಹೋಗಿರಬಹುದು, ಮತ್ತೆ ತೆಗೆಯಬೇಕು. ಎಲ್ಲ ಗಂಟಿಗೂ ಸೂಜಿ ಬೇಕೆಂದೂ ಇಲ್ಲ: ಸ್ಕ್ಯಾನಿಂಗ್‌ನಲ್ಲಿ ಬರೀ ನೀರಿನ ಚೀಲವೆಂದು ಖಚಿತವಾದರೆ ಅಲ್ಲಿಗೇ ಮುಗಿಯಿತು.

ವಯಸ್ಸು 30ರೊಳಗಿದ್ದರೆ, ಗರ್ಭಿಣಿ ಅಥವಾ ಹಾಲುಣಿಸುವವರಾಗಿದ್ದರೆ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. 40 ದಾಟಿದ್ದರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಜೊತೆಗೆ ಸ್ಕ್ಯಾನಿಂಗ್. ನಡುವಿನ ಹತ್ತು ವರ್ಷದಲ್ಲಿ ಗಂಟಿನ ಸ್ವಭಾವ ನೋಡಿ ನಿರ್ಧರಿಸುತ್ತಾರೆ. ಎಳೆ ವಯಸ್ಸಿನ ಸ್ತನದಲ್ಲಿ ಗ್ರಂಥಿ ಹೆಚ್ಚು, ಮ್ಯಾಮೊಗ್ರಾಮ್‌ನಲ್ಲಿ ಗ್ರಂಥಿಯೂ ಬಿಳಿ, ಗಂಟೂ ಬಿಳಿ. ಹಿಮದಲ್ಲಿ ಹತ್ತಿಯನ್ನು ಹುಡುಕಿದ ಹಾಗೆ. ಮ್ಯಾಮೊಗ್ರಾಮ್‌ಗೆ ಹೋಗುವ ದಿನ ಕಂಕುಳಿಗೆ ಡಿಯೋಡರೆಂಟ್, ಪೌಡರ್ ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಬಂದು, ಕೆಲವು ಸಲ ಕ್ಯಾನ್ಸರ್‌ನ ಸುಳಿವಾಗುವ ಸುಣ್ಣದ ಕಣಗಳೆಂದು ಗೊಂದಲವಾಗುತ್ತದೆ. ಮ್ಯಾಮೊಗ್ರಾಮ್ ಸರಿಯಿದೆ ಎಂದ ಮಾತ್ರಕ್ಕೆ ಕೈಗೆ ಸಿಗುವ ಗಂಟನ್ನು ಬಿಡಬಾರದು ಎಂಬುದನ್ನೂ ನೆನಪಿಡಿ.

ವರದಿಯ ಕೊನೆಯಲ್ಲಿ ಬೈರ್ಯಾಡ್ಸ್ (BI-RADS) ಎಂಬ ಅಂಕಿ ಇರುತ್ತದೆ. 1 ಎಂದರೆ ಏನೂ ಇಲ್ಲ. 2 ಎಂದರೆ ಇರುವುದು ಖಚಿತವಾಗಿ ನಿರಪಾಯ. 3 ಎಂದರೆ ಬಹುಮಟ್ಟಿಗೆ ನಿರಪಾಯ, ಕ್ಯಾನ್ಸರ್ ಸಾಧ್ಯತೆ 2%ಗಿಂತ ಹೆಚ್ಚಿಲ್ಲ, 6 ತಿಂಗಳಿಗೆ ಮತ್ತೆ ನೋಡಬೇಕು. 4 ಮತ್ತು 5ಕ್ಕೆ ಬಯಾಪ್ಸಿ. 4 ಎಂಬ ಅಂಕಿ ನೋಡಿ ಕುಸಿದು ಕೂರುವವರು ಬಹಳ. ಅದರ ಅರ್ಥ ಕ್ಯಾನ್ಸರ್ ಎಂದಲ್ಲ, ತುಣುಕು ನೋಡದೆ ಹೇಳಲಾಗದು ಎಂದಷ್ಟೆ. 0 ಎಂದಿದ್ದರೆ ಪರೀಕ್ಷೆ ಪೂರ್ತಿಯಾಗಿಲ್ಲ, ಇನ್ನೊಂದು ಚಿತ್ರ ಬೇಕು.

ಸೂಜಿ ಪರೀಕ್ಷೆಯಲ್ಲಿ ಎರಡು ಬಗೆ. ಎಫ್‌ಎನ್‌ಎಸಿ ತೆಳು ಸೂಜಿ, ಬಿಡಿ ಜೀವಕೋಶ ಮಾತ್ರ ಎಳೆದುಕೊಳ್ಳುತ್ತದೆ. ಕೋರ್ ಬಯಾಪ್ಸಿ 14 ಗೇಜಿನ ದಪ್ಪ ಸೂಜಿ, ಶ್ಯಾವಿಗೆ ಎಳೆಯಂಥ ತುಣುಕು ತೆಗೆಯುತ್ತದೆ. ಅಂಗಾಂಶದ ಹೆಣಿಗೆ ಹೇಗಿದೆ ಎಂದು ಅದರಲ್ಲಿ ಕಾಣುತ್ತದೆ. ಆಯ್ಕೆ ಇದ್ದರೆ ಕೋರ್ ಬಯಾಪ್ಸಿಯನ್ನೇ ಕೇಳಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಸ್ಪ್ರಿಂಗ್ ಬಿಟ್ಟಾಗ ಟಪ್ ಎಂಬ ಸದ್ದು ಬರುತ್ತದೆ, ಸಾಮಾನ್ಯವಾಗಿ 3ರಿಂದ 5 ತುಣುಕು. ಮುಗಿದ ಮೇಲೆ 10 ನಿಮಿಷ ಬಿಗಿಯಾಗಿ ಒತ್ತಿ ಹಿಡಿದರೆ ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದು ಕಡಿಮೆ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಬಯಾಪ್ಸಿ ಮುಂದೂಡುವುದು ದೊಡ್ಡ ತಪ್ಪು. ತಡವಾಗುವುದರಿಂದ ಆಗುವ ಹಾನಿಯೇ ಹೆಚ್ಚು. ಕ್ರಮ ಮಾತ್ರ ತಪ್ಪಬಾರದು: ಮೊದಲು ಚಿತ್ರ, ಆಮೇಲೆ ಸೂಜಿ. ಮೊದಲೇ ಚುಚ್ಚಿದರೆ ಒಳಗೆ ನಿಂತ ರಕ್ತ ಸ್ಕ್ಯಾನಿಂಗ್‌ನಲ್ಲಿ ಗಂಟಿನ ಅಂಚನ್ನು ಮಸುಕು ಮಾಡುತ್ತದೆ.

ನೋವು

ಬರೀ ನೋವು, ಗಂಟಿಲ್ಲ, ಸ್ರಾವವಿಲ್ಲ ಎಂದಾದರೆ ಕ್ಯಾನ್ಸರ್ ಸಿಗುವುದು ತೀರಾ ಕಡಿಮೆ. ಆದರೂ ನೋವು ನೋವೇ, ಅದನ್ನು ತಳ್ಳಿಹಾಕುವ ವೈದ್ಯರ ಬಗ್ಗೆ ನಮ್ಮ ಆಕ್ಷೇಪವಿದೆ. ಮೊದಲು ಮಾಡಬೇಕಾದ್ದು ನೋವಿನ ಪಟ್ಟಿ. ಕ್ಯಾಲೆಂಡರಿನಲ್ಲಿ ಪ್ರತಿದಿನ 0ಯಿಂದ 10ರವರೆಗೆ ನೋವಿನ ಅಂಕ ಬರೆದು, ಮುಟ್ಟಿನ ದಿನಗಳಿಗೆ ಸುತ್ತು ಹಾಕಿ, ಎರಡು ಮೂರು ತಿಂಗಳು ನೋಡಿ. ಮುಟ್ಟಿಗೆ ಮುಂಚಿನ ಒಂದೆರಡು ವಾರ ಎರಡೂ ಕಡೆ ಭಾರ, ಕಂಕುಳ ಕಡೆಗೆ ಎಳೆತ, ಮುಟ್ಟಾದೊಡನೆ ಇಳಿತ ಎಂದಿದ್ದರೆ ಅದು ಋತುಚಕ್ರದ ನೋವು. ಒಂದೇ ಬಿಂದುವಿನಲ್ಲಿ, ಮುಟ್ಟಿಗೂ ತನಗೂ ಸಂಬಂಧವಿಲ್ಲದಂತೆ ಇದ್ದರೆ ಸ್ತನದ ಆಚೆಗೂ ಹುಡುಕಬೇಕು. ಒಂದು ಮಗ್ಗುಲಿಗೆ ಹೊರಳಿ ಮಲಗಿ, ಸ್ತನ ಪಕ್ಕೆಯಿಂದ ಆಚೆ ಜಾರಿದಾಗ ಪಕ್ಕೆಲುಬನ್ನೇ ಒತ್ತಿ ನೋಡಿ. ಅದೇ ನೋವು ಚುರುಕ್ಕೆಂದರೆ ಮೂಲ ಪಕ್ಕೆಲುಬಿನ ಮೃದ್ವಸ್ಥಿ, ಸ್ತನ ಅಲ್ಲ. ಎಡಗಡೆ ಎದೆ ಬಿಗಿದು, ನಡೆದಾಗ ಹೆಚ್ಚಾಗಿ, ಕೂತಾಗ ಇಳಿಯುವ ನೋವು ಹೃದಯದ್ದಾಗಿರಬಹುದು; ಸ್ತನದ ನೋವೆಂದು ಕೂರಬೇಡಿ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಸರಿಯಾದ ಅಳತೆಯ ಬ್ರಾಗೆ. ಭಾರ ಹೊರಬೇಕಾದ್ದು ಭುಜದ ಪಟ್ಟಿಯಲ್ಲ, ಎದೆ ಸುತ್ತಿನ ಪಟ್ಟಿ. ಕೈ ಎತ್ತಿದಾಗ ಬೆನ್ನಿನ ಪಟ್ಟಿ ಮೇಲಕ್ಕೆ ಏರಿದರೆ ಸುತ್ತಳತೆ ಸಡಿಲ. ಭುಜದಲ್ಲಿ ಕೆಂಪು ಗೀರು ಬಿದ್ದರೂ ಕಾರಣ ಅದೇ. ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಸರಿ. ಓಟ, ವ್ಯಾಯಾಮಕ್ಕೆ ಸ್ಪೋರ್ಟ್ಸ್ ಬ್ರಾ, ನೋವಿನ ದಿನಗಳಲ್ಲಿ ರಾತ್ರಿ ಮೆತ್ತನೆಯ ತಂತಿಯಿಲ್ಲದ ಬ್ರಾ. ಬಹಳ ಜನಕ್ಕೆ ಇಷ್ಟು ಮತ್ತು "ಕ್ಯಾನ್ಸರ್ ಅಲ್ಲ" ಎಂಬ ಖಾತರಿ, ಎರಡೇ ಸಾಕಾಗುತ್ತವೆ. ಸಾಲದಿದ್ದರೆ ಡೈಕ್ಲೊಫೆನಾಕ್ ಜೆಲ್ ನೋವಿರುವ ಜಾಗಕ್ಕೆ ದಿನಕ್ಕೆ 3 ಸಲ ಕೆಲವು ವಾರ (ಗರ್ಭಿಣಿಯರು, ಹಾಲುಣಿಸುವವರು ಸ್ತನಕ್ಕೆ ಹಚ್ಚಬಾರದು), ಅಥವಾ ಪ್ಯಾರಸಿಟಮಾಲ್. ಗರ್ಭನಿರೋಧಕ ಮಾತ್ರೆ ಅಥವಾ ಮುಟ್ಟು ನಿಂತವರ ಹಾರ್ಮೋನ್ ಮಾತ್ರೆ ಶುರುಮಾಡಿದ ಮೇಲೆ ನೋವು ಬಂದಿದ್ದರೆ ಪ್ರಮಾಣ ಬದಲಿಸಲು ವೈದ್ಯರನ್ನು ಕೇಳಿ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಗುಳಿಗೆಗಳನ್ನು ಇಂದಿಗೂ ಧಾರಾಳವಾಗಿ ಬರೆದುಕೊಡುತ್ತಾರೆ. ಸರಿಯಾಗಿ ನಡೆದ ಅಧ್ಯಯನಗಳಲ್ಲಿ ಅದು ಖಾಲಿ ಗುಳಿಗೆಗಿಂತ ಮೇಲೆನಿಸಿಲ್ಲ. ಕಾಫಿ ಬಿಟ್ಟರೆ ನೋವು ಹೋಗುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆ ಇಲ್ಲ.

ಕೆಲಸ ಮಾಡಲಾಗದಷ್ಟು, ನಿದ್ದೆ ಕೆಡುವಷ್ಟು ನೋವು ತಿಂಗಳುಗಟ್ಟಲೆ ಇದ್ದರೆ ತಜ್ಞರು ಟ್ಯಾಮಾಕ್ಸಿಫೆನ್ 10 ಮಿ.ಗ್ರಾಂ. ದಿನಕ್ಕೊಂದರಂತೆ 3 ತಿಂಗಳು ಕೊಡುವುದುಂಟು. ಕ್ಯಾನ್ಸರ್ ಔಷಧಿ ಎಂದು ಪೆಟ್ಟಿಗೆ ನೋಡಿ ಹೆದರಬೇಡಿ, ಇಲ್ಲಿ ಅದರ ಕೆಲಸ ಈಸ್ಟ್ರೊಜೆನ್ ತಡೆಯುವುದಷ್ಟೆ. ಗರ್ಭ ನಿಲ್ಲುವ ಸಾಧ್ಯತೆ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರು ತೆಗೆದುಕೊಳ್ಳುವಂತಿಲ್ಲ.

ಜಾರುವ ಗಂಟು: ಫೈಬ್ರೋಅಡಿನೋಮಾ

15ರಿಂದ 35 ವರ್ಷದವರಲ್ಲಿ ಅತಿ ಸಾಮಾನ್ಯ ಗಂಟು ಇದೇ. ಬೆರಳಿಟ್ಟರೆ ಒದ್ದೆ ಗೋಲಿಯಂತೆ ಪಕ್ಕಕ್ಕೆ ಜಾರುತ್ತದೆ, ಬೆರಳೆತ್ತಿದರೆ ಮತ್ತೆ ಬರುತ್ತದೆ. ರಬ್ಬರಿನಷ್ಟು ಗಟ್ಟಿ, ನುಣುಪು, ಹೆಚ್ಚಾಗಿ ನೋವಿಲ್ಲ. ಸಾಮಾನ್ಯವಾಗಿ 1ರಿಂದ 3 ಸೆಂ.ಮೀ. ಸ್ಕ್ಯಾನಿಂಗ್‌ನಲ್ಲಿ ಎತ್ತರಕ್ಕಿಂತ ಅಗಲ ಹೆಚ್ಚು, ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುವ ಅಂಡಾಕಾರ.

ಖಚಿತವಾದ ಸಣ್ಣ ಫೈಬ್ರೋಅಡಿನೋಮಾವನ್ನು ತೆಗೆಯಲೇಬೇಕಾಗಿಲ್ಲ. ಅದು ಕ್ಯಾನ್ಸರ್ ಆಗಿ ಬದಲಾಗುವುದು ಅತಿ ವಿರಳ; ಹಲವು ಹಾಗೇ ಉಳಿಯುತ್ತವೆ, ಕೆಲವು ಕುಗ್ಗುತ್ತವೆ, ಮುಟ್ಟು ನಿಂತ ಮೇಲೆ ಸುಣ್ಣಗಟ್ಟಿ ಕೂರುತ್ತವೆ. ಬಸಿರಿನಲ್ಲಿ ದೊಡ್ಡದಾಗಬಹುದು. 6ನೇ, 12ನೇ, 24ನೇ ತಿಂಗಳಿಗೆ ಸ್ಕ್ಯಾನಿಂಗ್ ಮಾಡಿಸಿ ಅಳತೆ ಹೋಲಿಸಿದರೆ ಸಾಕು. ಗಂಟು ಕರಗಿಸುವ ಮಾತ್ರೆ ಎಂದು ತಿಂಗಳುಗಟ್ಟಲೆ ನುಂಗಬೇಡಿ. ಫೈಬ್ರೋಅಡಿನೋಮಾಗೆ ಅಂಥ ಮಾತ್ರೆ ಇಲ್ಲ. ಕುಗ್ಗುವುದಿದ್ದರೆ ಅದು ತಾನಾಗಿ ಕುಗ್ಗುತ್ತದೆ, ಕೀರ್ತಿ ಮಾತ್ರೆಗೆ ಹೋಗುತ್ತದೆ.

ತೆಗೆಸಬೇಕಾದ್ದು ಯಾವಾಗ? 3 ಸೆಂ.ಮೀ. ಮೀರಿದಾಗ, ಬೆಳೆಯುತ್ತಲೇ ಇದ್ದಾಗ, ಮೂರು ಪರೀಕ್ಷೆಗಳು ತಾಳೆಯಾಗದಾಗ, ಅಥವಾ ಅದಿದೆ ಎಂಬ ಚಿಂತೆಯಲ್ಲೇ ನಿಮ್ಮ ದಿನ ಕಳೆಯುತ್ತಿದ್ದಾಗ. ಕೊನೆಯದೂ ನ್ಯಾಯವಾದ ಕಾರಣವೇ. 6 ತಿಂಗಳಲ್ಲಿ ಅಡ್ಡಳತೆ 20%ಗಿಂತ ಹೆಚ್ಚಿದರೆ ಫಿಲ್ಲೋಡಿಸ್ ಗಡ್ಡೆಯ ಅನುಮಾನ ಬರಬೇಕು. ನೋಡಲು ಫೈಬ್ರೋಅಡಿನೋಮಾದಂತೆಯೇ ಇರುವ ಇದು ಹೆಚ್ಚಾಗಿ 40ರ ಆಸುಪಾಸಿನಲ್ಲಿ ಬಂದು ವೇಗವಾಗಿ ಬೆಳೆಯುತ್ತದೆ. ಎಫ್‌ಎನ್‌ಎಸಿ ಇವೆರಡನ್ನು ಬೇರ್ಪಡಿಸಲಾರದು. ಫಿಲ್ಲೋಡಿಸನ್ನು ಫೈಬ್ರೋಅಡಿನೋಮಾ ಎಂದುಕೊಂಡು ಗಂಟನ್ನಷ್ಟೇ ಸುಲಿದು ತೆಗೆದರೆ ಅಂಚಿನಲ್ಲಿ ಉಳಿದದ್ದು ಮತ್ತೆ ಬೆಳೆಯುತ್ತದೆ. ಅದಕ್ಕೆ ಸುತ್ತಲಿನ ಆರೋಗ್ಯವಾದ ಅಂಗಾಂಶವನ್ನೂ ಸೇರಿಸಿ ತೆಗೆಯಬೇಕು. ಯಾವ ಗಂಟನ್ನೇ ತೆಗೆಸಲಿ, ಅದು ಫಾರ್ಮಲಿನ್ ಡಬ್ಬಿಯಲ್ಲಿ ಪ್ಯಾಥಾಲಜಿಗೆ ಹೋಯಿತೇ ಎಂದು ಕೇಳಿ, ವರದಿ ಕೈಗೆ ಬರುವವರೆಗೆ ಬಿಡಬೇಡಿ.

ನೀರಿನ ಚೀಲ: ಸಿಸ್ಟ್

35ರಿಂದ 50 ವರ್ಷದೊಳಗೆ, ರಾತ್ರೋರಾತ್ರಿ ಎದ್ದಂತೆ ಕಾಣಿಸಿಕೊಳ್ಳುವ ಗಂಟು ಹೆಚ್ಚಾಗಿ ಸಿಸ್ಟ್. ಬಿಗಿದಿದ್ದರೆ ಗಟ್ಟಿ ಗಂಟಿನಂತೆಯೇ ಸಿಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಳಗೆ ಅಚ್ಚ ಕಪ್ಪು, ಗೋಡೆ ತೆಳು, ಹಿಂದೆ ಬೆಳಕು ಹೆಚ್ಚು. ಇದು ಸಾದಾ ಸಿಸ್ಟ್. ನೋವಿಲ್ಲದಿದ್ದರೆ ಏನೂ ಮಾಡಬೇಕಿಲ್ಲ, ಎಷ್ಟಿದ್ದರೂ.

ನೋಯುತ್ತಿದ್ದರೆ ನೀರು ತೆಗೆಯುತ್ತಾರೆ. ಎರಡು ಬೆರಳಲ್ಲಿ ಗಂಟನ್ನು ಅಲುಗದಂತೆ ಹಿಡಿದು, ಸ್ಕ್ಯಾನಿಂಗ್ ನೋಡುತ್ತಾ 21 ಗೇಜಿನ ಸೂಜಿ ಇಳಿಸಿ ಸಿರಿಂಜ್ ಎಳೆದರೆ ಹುಲ್ಲಿನ ಬಣ್ಣದ, ಹಸಿರು ಅಥವಾ ಕಂದು ನೀರು ಬರುತ್ತದೆ. ಬೆರಳಡಿಯಲ್ಲಿ ಬಿಗಿದಿದ್ದ ಗಂಟು ಒಂದು ನಿಮಿಷದೊಳಗೆ ಸೊರಗಿ ಇಲ್ಲವಾಗುವುದು ನಿಮಗೇ ತಿಳಿಯುತ್ತದೆ. ಇಂಥ ನೀರನ್ನು ಚೆಲ್ಲಬಹುದು, ಪರೀಕ್ಷೆಗೆ ಕಳುಹಿಸಿ ಪ್ರಯೋಜನವಿಲ್ಲ. ಎರಡು ಸಂದರ್ಭ ಮಾತ್ರ ಬೇರೆ: ರಕ್ತ ಬೆರೆತಿದ್ದರೆ ನೀರು ಲ್ಯಾಬಿಗೆ ಹೋಗಬೇಕು, ನೀರೆಲ್ಲ ಬಂದ ಮೇಲೂ ಗಡಸು ಉಳಿದಿದ್ದರೆ ಆ ಗಡಸಿಗೆ ಕೋರ್ ಬಯಾಪ್ಸಿ ಆಗಬೇಕು. ಒಳಗೆ ಗಟ್ಟಿ ಭಾಗ ಅಥವಾ ದಪ್ಪ ಗೋಡೆ ಕಂಡ ಸಿಸ್ಟ್‌ಗೆ ಬರೀ ನೀರು ತೆಗೆದು ಕಳುಹಿಸುವುದು ತಪ್ಪು, ಏಕೆಂದರೆ ಚೀಲ ಕುಸಿದ ಮೇಲೆ ಗಟ್ಟಿ ಭಾಗ ಎಲ್ಲಿತ್ತೆಂದು ಹುಡುಕುವುದೇ ಕಷ್ಟ. ನೀರು ತೆಗೆದ 4ರಿಂದ 6 ವಾರಕ್ಕೆ ಮತ್ತೆ ತೋರಿಸಿ; ಕೆಲವು ಮತ್ತೆ ತುಂಬಿಕೊಳ್ಳುತ್ತವೆ. ಮತ್ತೆ ತುಂಬಿತೆಂದರೆ ಕ್ಯಾನ್ಸರ್ ಎಂದಲ್ಲ.

ತೊಟ್ಟಿನಿಂದ ಸ್ರಾವ

ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು: ಹಿಂಡಿದರೆ ಬರುತ್ತದೋ, ತಾನಾಗಿ ಬ್ರಾ ಮೇಲೆ ಕಲೆಯಾಗುತ್ತದೋ? ಒಂದು ಕಡೆಯೋ, ಎರಡೂ ಕಡೆಯೋ? ತೊಟ್ಟಿನ ಒಂದೇ ರಂಧ್ರದಿಂದಲೋ, ಹಲವಾರಿಂದಲೋ? ಬಣ್ಣ ನೋಡಲು ಬಿಳಿ ಹತ್ತಿಬಟ್ಟೆ ಒತ್ತಿ ತೆಗೆಯಿರಿ. ತೊಟ್ಟಿನ ಮೇಲೆ ಕಪ್ಪಗೆ ಕಾಣುವುದು ಬಟ್ಟೆಯ ಮೇಲೆ ಕಡು ಹಸಿರೋ, ರಕ್ತದ ಕೆಂಗಂದೋ ಎಂದು ಬೇರೆಯಾಗುತ್ತದೆ. ಆ ಬಟ್ಟೆಯನ್ನೇ ವೈದ್ಯರಿಗೆ ತೋರಿಸಬಹುದು.

ಹಿಂಡಿದಾಗ ಮಾತ್ರ, ಎರಡೂ ಕಡೆಯ ಹಲವು ರಂಧ್ರಗಳಿಂದ ಹಾಲು ಬಣ್ಣ, ಹಳದಿ, ಹಸಿರು ಬಂದರೆ ಅದು ನಿರಪಾಯ. ಮದ್ದು ಒಂದೇ, ಹಿಂಡುವುದನ್ನು ನಿಲ್ಲಿಸುವುದು. "ಇನ್ನೂ ಬರುತ್ತಿದೆಯೇ" ಎಂದು ದಿನಾ ಹಿಂಡಿ ನೋಡುವುದೇ ಅದು ಬರುತ್ತಲೇ ಇರಲು ಕಾರಣ. ಬಾಣಂತಿಯಲ್ಲದವರಿಗೆ ತಾನಾಗಿ ಹಾಲೇ ಬರುತ್ತಿದ್ದರೆ ಗರ್ಭ ಪರೀಕ್ಷೆ, ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನು), ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ವಾಂತಿಗೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸುತ್ತವೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅಂಟಂಟಾದ ಹಸಿರು ಅಥವಾ ಪೇಸ್ಟಿನಂಥ ಸ್ರಾವ, ತೊಟ್ಟಿನ ನಡುವೆ ಅಡ್ಡ ಸೀಳಿದಂತೆ ಒಳಸೆಳೆತ ಇದ್ದರೆ ನಾಳ ಹಿಗ್ಗಿರುವ ಸ್ಥಿತಿ. ಚಿತ್ರ ಪರೀಕ್ಷೆ ಸರಿಯಿದ್ದು ತೊಂದರೆ ಕೊಡದಿದ್ದರೆ ಬಿಡಬಹುದು. ಒಂದೇ ರಂಧ್ರದಿಂದ ತಾನಾಗಿ ರಕ್ತ ಅಥವಾ ತಿಳಿನೀರು ಬಂದಾಗ ಹೆಚ್ಚಾಗಿ ಸಿಗುವುದು ನಾಳದೊಳಗಿನ ಪ್ಯಾಪಿಲೋಮಾ ಎಂಬ ನರುಳ್ಳೆಯಂಥ ಬೆಳವಣಿಗೆ. ಅದೂ ನಿರಪಾಯವೇ, ಆದರೆ ಅದರ ಮರೆಯಲ್ಲಿ ಕ್ಯಾನ್ಸರ್ ಇರಬಹುದಾದ್ದರಿಂದ ಆ ನಾಳವನ್ನು ತೆಗೆದು ಪರೀಕ್ಷಿಸುವುದೇ ರೂಢಿ. ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳಲ್ಲಿ ಹಿಂಡಬೇಡಿ. ಹನಿ ಬಂದರೇ ತಾನೇ ಸರ್ಜನ್‌ಗೆ ನಾಳ ಯಾವುದೆಂದು ತಿಳಿಯುವುದು!

ಬಾವು, ಕೀವು

ಹಾಲುಣಿಸುವ ತಾಯಿಗೆ ಸ್ತನದ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಮಾಸ್ಟೈಟಿಸ್. ಹಿಂದೆ ಹೇಳುತ್ತಿದ್ದದ್ದು: ಬಿಸಿ ಶಾಖ ಕೊಡು, ಗಂಟನ್ನು ಉಜ್ಜು, ಪೂರ್ತಿ ಖಾಲಿ ಮಾಡು. 2022ರಿಂದೀಚೆಗಿನ ಸಲಹೆ ಬಹುಮಟ್ಟಿಗೆ ಉಲ್ಟಾ. ಒಳಗಿರುವುದು ಕಟ್ಟಿಕೊಂಡ ಹಾಲಿನ ಬಿರಡೆಯಲ್ಲ, ನಾಳಗಳ ಸುತ್ತ ಊದಿಕೊಂಡ ಅಂಗಾಂಶ. ಬಲವಾಗಿ ಉಜ್ಜಿದರೆ ಅದು ಜಜ್ಜಿ ಇನ್ನಷ್ಟು ಊದುತ್ತದೆ. ಪದೇ ಪದೇ ಪಂಪ್ ಮಾಡಿ ಖಾಲಿ ಮಾಡಿದರೆ ಹಾಲು ಇನ್ನೂ ಹೆಚ್ಚು ಉತ್ಪತ್ತಿಯಾಗುತ್ತದೆ. ಮಗು ಕೇಳಿದಾಗ ಮಾಮೂಲಿನಂತೆ ಕುಡಿಸಿ, ಆ ಕಡೆಯೂ ಕುಡಿಸಿ, ಅದರಿಂದ ಮಗುವಿಗೆ ತೊಂದರೆಯಿಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10 ನಿಮಿಷ, ದಿನಕ್ಕೆ ಹಲವು ಸಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲದಿದ್ದರೆ ಊಟದ ಮೇಲೆ ಐಬುಪ್ರೊಫೆನ್ 400 ಮಿ.ಗ್ರಾಂ. 8 ಗಂಟೆಗೊಮ್ಮೆ. ಹಾಲುಣಿಸುವುದನ್ನು ಥಟ್ಟನೆ ನಿಲ್ಲಿಸಿದರೆ ಕೀವಾಗುವ ಸಂಭವ ಹೆಚ್ಚು.

24 ಗಂಟೆಯಲ್ಲಿ ಇಳಿಯದಿದ್ದರೆ ವೈದ್ಯರಿಂದ ಆಂಟಿಬಯಾಟಿಕ್ ಬೇಕು. ಹೆಚ್ಚಾಗಿ ಕಾರಣ ಸ್ಟ್ಯಾಫಿಲೊಕಾಕಸ್. ಸೆಫಾಲೆಕ್ಸಿನ್ 500 ಮಿ.ಗ್ರಾಂ. 6 ಗಂಟೆಗೊಮ್ಮೆ 10ರಿಂದ 14 ದಿನ ಒಂದು ರೂಢಿಯ ಕೋರ್ಸ್. ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸುವುದು ಮತ್ತೆ ಬರಲು ದಾರಿ. 48 ಗಂಟೆಯಾದರೂ ಗಡಸು ಇಳಿಯದಿದ್ದರೆ ಸ್ಕ್ಯಾನಿಂಗ್. ಕೀವು ಕಂಡರೆ ಇಂದು ಮೊದಲ ಆಯ್ಕೆ ಕೊಯ್ಯುವುದಲ್ಲ. ಮರಗಟ್ಟಿಸಿ ದಪ್ಪ ಸೂಜಿಯಿಂದ ಎಳೆದು, 2–3 ದಿನಕ್ಕೊಮ್ಮೆ ಮತ್ತೆ ನೋಡಿ ಮತ್ತೆ ಎಳೆಯುವುದು. ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ ಸಣ್ಣ ಸೀಳು ಬೇಕಾಗುತ್ತದೆ.

ಹಾಲುಣಿಸದವರಲ್ಲಿ ತೊಟ್ಟಿನ ಬುಡದಲ್ಲಿ ಮತ್ತೆ ಮತ್ತೆ ಕೀವಾಗುತ್ತಿದ್ದರೆ ಸಿಗರೇಟಿನ ಸಂಬಂಧ ಬಹಳ. ಸೇದುವುದು ಬಿಡದೆ ಅದು ಪೂರ್ತಿ ವಾಸಿಯಾಗುವುದು ಕಷ್ಟ. ಇನ್ನು ಹೆರಿಗೆಯಾಗಿ ಕೆಲವು ವರ್ಷಗಳಲ್ಲಿ ಬರುವ ಗ್ರಾನ್ಯುಲೊಮಾ ಬಾವು ಎಲ್ಲರನ್ನೂ ದಾರಿ ತಪ್ಪಿಸುತ್ತದೆ: ಮುಟ್ಟಿದರೆ ಕ್ಯಾನ್ಸರ್‌ನಂತೆ ಗಟ್ಟಿ, ನೋಡಿದರೆ ಕೀವಿನಂತೆ ಕೆಂಪು, ಸೂಕ್ಷ್ಮದರ್ಶಕದಲ್ಲಿ ಕ್ಷಯದಂತೆ. ಸಾದಾ ಕೀವೆಂದು ಪದೇ ಪದೇ ಕೊಯ್ದರೆ ಪ್ರತಿ ಸೀಳೂ ಮಾಯದ ತೂತಾಗುತ್ತದೆ. ಕೋರ್ ಬಯಾಪ್ಸಿ ಮಾಡಿ, ಒಂದು ತುಣುಕನ್ನು ಫಾರ್ಮಲಿನ್‌ಗೆ, ಇನ್ನೊಂದನ್ನು ಸಲೈನ್‌ಗೆ ಹಾಕಬೇಕು. ಫಾರ್ಮಲಿನ್ ರೋಗಾಣುಗಳನ್ನು ಕೊಂದುಬಿಡುವುದರಿಂದ ಕ್ಷಯದ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಸಲೈನ್‌ನ ತುಣುಕೇ ಬೇಕು. ಕ್ಷಯ ಅಲ್ಲವೆಂದು ಖಚಿತವಾಗದೆ ಸ್ಟೆರಾಯ್ಡ್ ಶುರುಮಾಡುವುದು ಅಪಾಯ. ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ, ವರ್ಷ ದಾಟುವುದೂ ಉಂಟು.

ಯಾವ ವಯಸ್ಸಿನಲ್ಲೇ ಆಗಲಿ, ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೂ ಕೆಂಪು ಮತ್ತು ದಪ್ಪ ಹಾಗೇ ಇದ್ದರೆ ಎರಡನೇ, ಮೂರನೇ ಕೋರ್ಸಿಗೆ ಹೋಗದೆ ಚಿತ್ರ ಮತ್ತು ಬಯಾಪ್ಸಿ ಕೇಳಿ. ಬಾವಿನಂತೆಯೇ ಕಾಣುವ ಕ್ಯಾನ್ಸರ್ ಒಂದಿದೆ.

ಇನ್ನು ಕೆಲವು

ಪೆಟ್ಟು ಬಿದ್ದ ಅಥವಾ ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಕೊಬ್ಬು ಸತ್ತು ಗಟ್ಟಿ ಗಂಟಾಗಬಹುದು. ತಾನಾಗಿ ಕುಗ್ಗುತ್ತದೆ, ಆದರೆ "ಪೆಟ್ಟಿನದ್ದೇ" ಎಂದು ಚಿತ್ರವಿಲ್ಲದೆ ಬಿಡಬೇಡಿ. ಚರ್ಮದ ಕೆಳಗೆ ಹುರಿ ಎಳೆದಂತೆ ನೋಯುವ ಗೀಟು ಬಂದರೆ ಮೇಲ್ಪದರದ ರಕ್ತನಾಳ ಹೆಪ್ಪುಗಟ್ಟಿರುತ್ತದೆ, ಕೆಲವು ವಾರದಲ್ಲಿ ಹೋಗುತ್ತದೆ, ಒಮ್ಮೆ ತೋರಿಸಿ. ಬಸಿರಿನಲ್ಲಿ, ಹೆರಿಗೆಯ ನಂತರ ಕಂಕುಳು ಊದಿಕೊಂಡರೆ ಅಲ್ಲಿ ಹುಟ್ಟಿನಿಂದ ಉಳಿದ ಸ್ತನದ ಅಂಗಾಂಶ ಇರಬಹುದು.

ಮಕ್ಕಳ ವಿಷಯದಲ್ಲಿ ಎರಡು ತಪ್ಪು ಆಗಲೇಬಾರದು. ಹುಟ್ಟಿದ ಮಗುವಿನ ಎದೆ ತಾಯಿಯ ಹಾರ್ಮೋನಿನಿಂದ ಉಬ್ಬಿ ಹನಿ ಹಾಲು ಬರಬಹುದು, ಹಿಂಡಿದರೆ ಕೀವಾಗುತ್ತದೆ. ಬಿಟ್ಟರೆ ವಾರಗಳಲ್ಲಿ ಇಳಿಯುತ್ತದೆ. 8ರಿಂದ 13 ವರ್ಷದ ಹುಡುಗಿಗೆ ಒಂದೇ ಕಡೆ ತೊಟ್ಟಿನ ಕೆಳಗೆ ನಾಣ್ಯದಂಥ ಗಡಸು ಬಂದರೆ ಅದು ಮೊಳೆಯುತ್ತಿರುವ ಸ್ತನ, ಇನ್ನೊಂದು ಕಡೆ ತಿಂಗಳುಗಳ ನಂತರ ಬರಬಹುದು. ಅದನ್ನು ಗಂಟೆಂದು ತೆಗೆದರೆ ಆ ಕಡೆ ಸ್ತನ ಮುಂದೆಂದೂ ಬೆಳೆಯುವುದಿಲ್ಲ. ಹದಿಹರೆಯದ ಹುಡುಗರ ತೊಟ್ಟಿನ ಕೆಳಗಿನ ಗಡಸು ಹೆಚ್ಚಾಗಿ ಒಂದೆರಡು ವರ್ಷದಲ್ಲಿ ಹೋಗುತ್ತದೆ. ದೊಡ್ಡ ಗಂಡಸರಿಗೆ ಬಂದರೆ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ, ದೇಹ ಬೆಳೆಸಲು ತೆಗೆದುಕೊಂಡ ಸ್ಟೆರಾಯ್ಡ್, ಲಿವರ್ ತೊಂದರೆ ನೋಡಬೇಕು. ತೊಟ್ಟಿನ ನಡುವಲ್ಲದೆ ಪಕ್ಕದಲ್ಲಿ ಗಟ್ಟಿ ಗಂಟಿದ್ದರೆ ಗಂಡಸರಿಗೂ ಬಯಾಪ್ಸಿ.

ಬಯಾಪ್ಸಿ ವರದಿಯ ಒಂದು ಪದ

ಕ್ಯಾನ್ಸರ್ ಅಲ್ಲ ಎಂದು ಬಂದ ವರದಿಯಲ್ಲೂ ಒಂದು ಪದ ಹುಡುಕಿ: ಎಟಿಪಿಯಾ (atypia), ಅಂದರೆ ಜೀವಕೋಶಗಳ ರೂಪ ಮಾಮೂಲಿನಂತಿಲ್ಲ ಎಂದು. ಸಿಸ್ಟ್, ಸಾದಾ ಫೈಬ್ರೋಅಡಿನೋಮಾಗಳು ಮುಂದಿನ ಕ್ಯಾನ್ಸರ್ ಅಪಾಯವನ್ನು ಹೇಳಿಕೊಳ್ಳುವಷ್ಟು ಏರಿಸುವುದಿಲ್ಲ. ಜೀವಕೋಶ ಹೆಚ್ಚಿದ್ದು ಎಟಿಪಿಯಾ ಇಲ್ಲದಿದ್ದರೆ ಅಪಾಯ ಒಂದೂವರೆಯಿಂದ ಎರಡು ಪಟ್ಟು. ಎಟಿಪಿಯಾ ಇದ್ದರೆ ಸುಮಾರು ನಾಲ್ಕು ಪಟ್ಟು. ಅವರಿಗೆ ಗಂಟಿನ ಜಾಗ ಪೂರ್ತಿ ತೆಗೆಯುವುದು, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್, ಅಪಾಯ ತಗ್ಗಿಸುವ ಮಾತ್ರೆ ಇವುಗಳ ಬಗ್ಗೆ ತಜ್ಞರ ಜೊತೆ ಮಾತಾಗಬೇಕು.

ಎಲ್ಲ ವರದಿ, ಫಿಲ್ಮ್, ಸಿ.ಡಿ.ಗಳನ್ನು ಒಂದೇ ಫೈಲಿನಲ್ಲಿ ಇಡಿ. ಮೇಲೆ ಗಂಟು ಯಾವ ಕಡೆ, ಗಡಿಯಾರದ ಎಷ್ಟು ಗಂಟೆಯ ದಿಕ್ಕಿನಲ್ಲಿ, ತೊಟ್ಟಿನಿಂದ ಎಷ್ಟು ಸೆಂ.ಮೀ. ದೂರ, ಎಷ್ಟು ದೊಡ್ಡದು ಎಂದು ತಾರೀಖಿನ ಸಮೇತ ಬರೆಯಿರಿ. ಮುಂದಿನ ಸ್ಕ್ಯಾನಿಂಗ್ ತಾರೀಖೂ ಅಲ್ಲೇ ಇರಲಿ. ಎರಡು ವರ್ಷ ಹಿಂದಿನ ಚಿತ್ರದಲ್ಲೂ ಅದೇ ಗಂಟು, ಅದೇ ಅಳತೆಯಲ್ಲಿ ಇತ್ತೆಂದು ರೇಡಿಯಾಲಜಿಸ್ಟ್ ಕಣ್ಣಾರೆ ನೋಡಿದರೆ ಎಷ್ಟೋ ಸಲ ಹೊಸ ಸೂಜಿಯೇ ಬೇಕಾಗುವುದಿಲ್ಲ.